ನಂದಿಬೆಟ್ಟದಲ್ಲಿ ಸೂರ್ಯೋದಯ

ಮಾಗಿಯ ಚಳಿ ನಾಡನ್ನೆಲ್ಲ ಆವರಿಸಿರುವ ಕಾಲ. ಬೆಳಗಾಗಲು ಇನ್ನೂ ಹೊತ್ತಿದೆ. ಬಯಲುಸೀಮೆಯ ಹಳ್ಳಿಗಳು ಕಂಬಳಿ ಹೊದೆದು ಮಲಗಿರುವ ಆ ಸಮಯದಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಹೆಜ್ಜೆಗಳ ಸಪ್ಪಳ ಕೇಳಿಬರುತ್ತದೆ. ಕೈಯಲ್ಲಿ ದೀಪ, ಮೈಮೇಲೆ ಉಣ್ಣೆಯ ಉಡುಪು, ಮಾತನಾಡಿದಾಗ ಬಾಯಿಂದ ಹೊರಡುವ ಬಿಳಿಯ ಹಬೆ. ಇವರೆಲ್ಲರೂ ಬೆಟ್ಟವನ್ನೇರುವುದು ಸೂರ್ಯೋದಯವನ್ನು ಕಾಣುವುದಕ್ಕಾಗಿ. ಸೂರ್ಯನು ಪ್ರತಿದಿನವೂ ಪ್ರತಿಯೊಬ್ಬರ ಮನೆಯ ಅಂಗಳಕ್ಕೂ ಬರುವವನೇ ಅಲ್ಲವೇ? ಹಾಗಿದ್ದರೂ ಅವನನ್ನು ಎದುರುಗೊಳ್ಳಲು ಬೆಟ್ಟವನ್ನೇಕೆ ಹತ್ತಬೇಕು? ಈ ಪ್ರಶ್ನೆಗೆ ಉತ್ತರವನ್ನು ಬೆಟ್ಟವೇ ಹೇಳುತ್ತದೆ.

ನಂದಿಬೆಟ್ಟವು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಬೆಂಗಳೂರಿನಿಂದ ಸುಮಾರು ೬೦ ಕಿಲೋಮೀಟರ್ ದೂರ. ಸಮುದ್ರಮಟ್ಟದಿಂದ ಇದರ ಎತ್ತರ ೧,೪೭೮ ಮೀಟರ್. ಸುತ್ತಲಿನ ಬಯಲೇ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವುದರಿಂದ ಬೆಟ್ಟವು ನೆಲದಿಂದ ಐನೂರು ಮೀಟರಿಗೂ ಮಿಗಿಲಾಗಿ ಎದ್ದುನಿಂತಿದೆ. ಈ ಸೀಮೆಯ ಕಗ್ಗಲ್ಲಿನ ವಯಸ್ಸು ಸುಮಾರು ಇನ್ನೂರ ಐವತ್ತು ಕೋಟಿ ವರ್ಷ. ಮೆದುವಾದ ಭಾಗಗಳು ಮಳೆಗಾಳಿಗೆ ಸವೆದುಹೋಗಿ, ಗಟ್ಟಿಯಾದ ಭಾಗಗಳು ಬೆಟ್ಟಗಳಾಗಿ ಉಳಿದುಕೊಂಡಿವೆ. ತಪ್ಪಲಿನಲ್ಲಿ ಒಂಬತ್ತನೆಯ ಶತಮಾನದಷ್ಟು ಹಳೆಯದಾದ ಭೋಗನಂದೀಶ್ವರನ ದೇವಾಲಯ. ನೆತ್ತಿಯ ಮೇಲೆ ಯೋಗನಂದೀಶ್ವರನ ಗುಡಿ. ಭೋಗದಿಂದ ಯೋಗಕ್ಕೆ ಏರುವ ದಾರಿಯೇ ಈ ಬೆಟ್ಟ ಎನ್ನುವಂತಿದೆ.

ಮೇಲಕ್ಕೆ ಹೋಗಲು ವಾಹನದ ರಸ್ತೆಯುಂಟು. ಆದರೆ ಸುಲ್ತಾನಪೇಟೆಯ ಕಡೆಯಿಂದ ಹೊರಡುವ ಹಳೆಯ ಕಲ್ಲುಮೆಟ್ಟಿಲುಗಳ ದಾರಿಯಲ್ಲಿ ನಡೆದವರಿಗೇ ಬೆಟ್ಟದ ಪರಿಚಯವಾಗುವುದು. ಸಾವಿರಕ್ಕೂ ಮೀರಿದ ಆ ಮೆಟ್ಟಿಲುಗಳು ಪೊದೆಗಳ ನಡುವೆ, ಬಂಡೆಗಳ ಮಗ್ಗುಲಲ್ಲಿ, ಕೋಟೆಯ ಗೋಡೆಗಳನ್ನು ಹಾದು ಏರುತ್ತವೆ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಬಲಗೊಂಡ ಈ ಕೋಟೆಯು ೧೭೯೧ರಲ್ಲಿ ಬ್ರಿಟಿಷರ ವಶವಾಯಿತು. ಫಿರಂಗಿಗಳ ಸದ್ದು ಅಡಗಿದ ಮೇಲೆ ಬೆಟ್ಟವು ವಿಶ್ರಾಂತಿಯ ತಾಣವಾಯಿತು. ೧೯೨೭ರಲ್ಲಿ ಅನಾರೋಗ್ಯದಿಂದ ಬಳಲಿದ್ದ ಮಹಾತ್ಮ ಗಾಂಧಿಯವರು ಚೇತರಿಸಿಕೊಳ್ಳಲು ಇಲ್ಲಿಗೆ ಬಂದಿದ್ದರು; ೧೯೩೬ರಲ್ಲಿ ಮತ್ತೊಮ್ಮೆ ಬಂದು ತಂಗಿದರು.

ಮೆಟ್ಟಿಲೇರುವವರಿಗೆ ಮೊದಲು ಎದುರಾಗುವ ಅಚ್ಚರಿಯೆಂದರೆ ಚಳಿಯ ನಡವಳಿಕೆ. ಮೇಲೇರಿದಂತೆಲ್ಲ ಗಾಳಿ ತಂಪಾಗುತ್ತದೆಂದು ಎಲ್ಲರೂ ಬಲ್ಲರು. ಸಾಮಾನ್ಯವಾಗಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುತ್ತದೆ. ಆದರೆ ಗಾಳಿಯಾಡದ, ಮೋಡವಿಲ್ಲದ ಮಾಗಿಯ ರಾತ್ರಿಗಳಲ್ಲಿ ಈ ನಿಯಮವು ತಲೆಕೆಳಗಾಗುವುದುಂಟು. ಹಗಲಿನಲ್ಲಿ ಕಾದ ನೆಲವು ರಾತ್ರಿ ತನ್ನ ಶಾಖವನ್ನು ಬರಿದಾದ ಆಕಾಶಕ್ಕೆ ಬಿಟ್ಟುಕೊಟ್ಟು ಬೇಗನೆ ತಣಿಯುತ್ತದೆ. ನೆಲಕ್ಕೆ ತಗುಲಿದ ಗಾಳಿಯೂ ತಣಿಯುತ್ತದೆ. ತಣಿದ ಗಾಳಿ ಭಾರವಾದುದರಿಂದ ನೀರಿನಂತೆ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ಸೇರುತ್ತದೆ. ಆಗ ತಪ್ಪಲಿಗಿಂತ ಬೆಟ್ಟದ ಮಗ್ಗುಲೇ ಬೆಚ್ಚಗಿರುತ್ತದೆ. ಅರ್ಧ ದಾರಿಯಲ್ಲಿ ಉಣ್ಣೆಯ ಉಡುಪನ್ನು ತೆಗೆಯಬೇಕೆನಿಸುವುದಕ್ಕೆ ಏರುವ ಶ್ರಮದ ಜೊತೆಗೆ ಇದೂ ಒಂದು ಕಾರಣವಾಗಿರಬಹುದು. ಆದರೆ ನೆತ್ತಿಯನ್ನು ಮುಟ್ಟಿದೊಡನೆ ಬೀಸುಗಾಳಿಯು ಮೈಯ ಬೆವರನ್ನು ಆರಿಸುತ್ತದೆ. ಆರುವ ಬೆವರು ಮೈಯ ಶಾಖವನ್ನೂ ಒಯ್ಯುವುದರಿಂದ ಅರಿತವರು ಅಲ್ಲಿ ತಕ್ಷಣ ಬೆಚ್ಚನೆಯ ಬಟ್ಟೆಯನ್ನು ಹೊದೆಯುತ್ತಾರೆ.

ತಗ್ಗಿನಲ್ಲಿ ಕೂಡಿದ ತಣ್ಣನೆಯ ಗಾಳಿಯೇ ಮಂಜಿನ ತವರು. ಗಾಳಿ ತಣಿದಷ್ಟೂ ನೀರಾವಿಯನ್ನು ಹಿಡಿದಿಟ್ಟುಕೊಳ್ಳುವ ಅದರ ಶಕ್ತಿ ಕುಗ್ಗುತ್ತದೆ. ಹೆಚ್ಚಾದ ಆವಿಯು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಗಾಳಿಯಲ್ಲಿ ತೇಲುತ್ತದೆ. ಅಂಥ ಕೋಟ್ಯಂತರ ಹನಿಗಳ ಸಮೂಹವೇ ಮಂಜು. ಮೇಲಿನ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ಕುಳಿತಿರುವುದರಿಂದ ಮಂಜು ಮೇಲೇಳಲಾರದೆ ಕಣಿವೆಯಲ್ಲಿಯೇ ಹರಡಿಕೊಳ್ಳುತ್ತದೆ. ಬೆಟ್ಟದ ತುದಿಯಲ್ಲಿ ನಿಂತವರಿಗೆ ಅದು ಬಿಳಿಯ ಸಮುದ್ರದಂತೆ ತೋರುತ್ತದೆ. ಸುತ್ತಲಿನ ಗಿರಿಗಳು ಅದರಲ್ಲಿ ದ್ವೀಪಗಳಂತೆ ತಲೆಯೆತ್ತಿರುತ್ತವೆ. ಆದರೆ ನೋಡುವವರಿಗೆ ಸೊಗಸಾದ ಈ ಮಂಜೇ ಕೆಳಗಿನ ದ್ರಾಕ್ಷಿತೋಟದ ರೈತನಿಗೆ ಚಿಂತೆಯ ಮೂಲ. ಎಲೆಗಳ ಮೇಲೆ ತೇವವು ಬಹಳ ಹೊತ್ತು ನಿಂತರೆ ಬೂಜುರೋಗ ಹಬ್ಬುತ್ತದೆ. ಒಂದೇ ಮಂಜು ಒಬ್ಬರಿಗೆ ನೋಟ, ಇನ್ನೊಬ್ಬರಿಗೆ ನಷ್ಟ.

ಸೂರ್ಯನು ಕಾಣಿಸಿಕೊಳ್ಳುವುದಕ್ಕೆ ಬಹು ಮೊದಲೇ ಆಕಾಶದ ನಾಟಕವು ಆರಂಭವಾಗುತ್ತದೆ. ಮೂಡಣ ದಿಕ್ಕು ಬೂದಿಯಿಂದ ನೀಲಿಗೆ, ನೀಲಿಯಿಂದ ಕಿತ್ತಳೆಗೆ ತಿರುಗುತ್ತದೆ. ಬಹಳಷ್ಟು ಮಂದಿ ಆ ಕಡೆಯನ್ನೇ ದಿಟ್ಟಿಸುತ್ತಾರೆ. ಹಿಂದಿರುಗಿ ಪಡುವಣವನ್ನು ನೋಡಿದವರಿಗೆ ಮತ್ತೊಂದು ವಿಸ್ಮಯ ಕಾದಿರುತ್ತದೆ. ಅಲ್ಲಿ ದಿಗಂತಕ್ಕೆ ಅಂಟಿಕೊಂಡು ಕಡುನೀಲಿಯ ಪಟ್ಟಿಯೊಂದು, ಅದರ ಮೇಲೆ ನಸುಗೆಂಪಿನ ಪಟ್ಟಿಯೊಂದು ಕಾಣುತ್ತವೆ. ಆ ಕಡುನೀಲಿಯು ಮೋಡವಲ್ಲ. ವಾಯುಮಂಡಲದ ಮೇಲೆ ಬಿದ್ದ ಭೂಮಿಯ ನೆರಳು. ಸೂರ್ಯನು ಮೇಲೇರಿದಂತೆ ಆ ನೆರಳು ಇಳಿದಿಳಿದು ಮಾಯವಾಗುತ್ತದೆ.

ಕೊನೆಗೆ ದಿಗಂತದ ಅಂಚಿನಲ್ಲಿ ಕೆಂಪು ಕಿಡಿಯೊಂದು ಹೊಳೆಯುತ್ತದೆ. ಮೊದಲ ಕಿಡಿಯಿಂದ ಪೂರ್ಣಬಿಂಬದವರೆಗೆ ಹಿಡಿಯುವ ಕಾಲ ಸುಮಾರು ಎರಡೂವರೆ ನಿಮಿಷ ಮಾತ್ರ. ಇಳಿಬೆಳಕು ಬಹು ದೀರ್ಘವಾದ ವಾಯುಪಥವನ್ನು ಹಾದು ಬರಬೇಕು. ನೆತ್ತಿಯ ಮೇಲಿನ ಸೂರ್ಯನ ಬೆಳಕಿಗಿಂತ ಹತ್ತಾರು ಪಟ್ಟು ಹೆಚ್ಚು ಗಾಳಿಯನ್ನು ದಾಟಬೇಕು. ಆ ದಾರಿಯಲ್ಲಿ ನೀಲಿ ಕಿರಣಗಳು ಚದುರಿಹೋಗಿ ಕೆಂಪು ಕಿರಣಗಳು ಉಳಿದು ಬರುತ್ತವೆ. ಈ ಚದುರುವಿಕೆಯ ನಿಯಮವನ್ನು ೧೮೭೧ರಲ್ಲಿ ವಿವರಿಸಿದವರು ಇಂಗ್ಲೆಂಡಿನ ವಿಜ್ಞಾನಿ ರ್‍ಯಾಲೆ. ಇನ್ನೊಂದು ಸೋಜಿಗವುಂಟು. ವಾಯುಮಂಡಲವು ಬೆಳಕನ್ನು ಅರ್ಧ ಡಿಗ್ರಿಗಿಂತ ತುಸು ಹೆಚ್ಚಾಗಿಯೇ ಬಾಗಿಸುತ್ತದೆ. ಸೂರ್ಯಬಿಂಬದ ಅಗಲವೂ ಸುಮಾರು ಅರ್ಧ ಡಿಗ್ರಿ. ಆದ್ದರಿಂದ ಬಿಂಬವು ದಿಗಂತದ ಮೇಲೆ ಕುಳಿತಂತೆ ತೋರುವಾಗ ನಿಜವಾದ ಸೂರ್ಯನು ಇನ್ನೂ ಅದರ ಕೆಳಗೇ ಇರುತ್ತಾನೆ! ಕೆಂಪಗೆ ತಂಪಾಗಿ ಕಂಡರೂ ಬಿಂಬವನ್ನು ಎವೆಯಿಕ್ಕದೆ ನೋಡುವುದು ಕಣ್ಣಿಗೆ ಕೇಡೆಂಬುದನ್ನು ಮರೆಯಬಾರದು.

ಎತ್ತರದಲ್ಲಿ ನಿಂತವನ ದಿಗಂತವು ವಿಶಾಲವಾದುದು. ಅಡ್ಡಿಯಿಲ್ಲದ ದಿಗಂತವಿದ್ದರೆ, ಬಯಲಿನವನಿಗಿಂತ ಸುಮಾರು ಮೂರು ನಿಮಿಷ ಮೊದಲೇ ಬೆಟ್ಟದ ಮೇಲಿನವನಿಗೆ ಸೂರ್ಯದರ್ಶನವಾಗುತ್ತದೆ. ಡಿಸೆಂಬರ್ ೨೧ ಅಥವಾ ೨೨ ವರ್ಷದ ಅತಿ ಚಿಕ್ಕ ಹಗಲು. ಆದುದರಿಂದ ಸೂರ್ಯನು ಅತಿ ತಡವಾಗಿ ಉದಯಿಸುವುದೂ ಅಂದೇ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಈ ಸೀಮೆಯಲ್ಲಿ ಅತಿ ತಡವಾದ ಸೂರ್ಯೋದಯ ಜನವರಿಯ ಕೊನೆಯ ಭಾಗದಲ್ಲಿ. ಭೂಮಿಯ ಅಕ್ಷದ ಓರೆ ಮತ್ತು ಆ ದಿನಗಳಲ್ಲಿ ಸೂರ್ಯನ ಸುತ್ತ ಅದರ ವೇಗದ ಚಲನೆ, ಇವೆರಡರಿಂದ ಮಧ್ಯಾಹ್ನವೇ ದಿನದಿನಕ್ಕೆ ತುಸು ಮುಂದಕ್ಕೆ ಸರಿಯುತ್ತದೆ. ಅದರೊಡನೆ ಉದಯವೂ ಸರಿಯುತ್ತದೆ. ಸಂಕ್ರಾಂತಿ ಕಳೆದ ಮೇಲೂ ಮುಂಜಾವಿನ ಕತ್ತಲೆ ಕರಗದಿರುವುದಕ್ಕೆ ಇದೇ ಕಾರಣ.

ಬಿಸಿಲು ಏರಿದಂತೆ ನೆಲವು ಕಾದು ಮಂಜು ಕರಗುತ್ತದೆ. ಪೊದೆಗಳಲ್ಲಿ ಹಕ್ಕಿಗಳ ಉಲಿ ಕೇಳುತ್ತದೆ. ಬಂಡೆಗಳ ಸೀಮೆಯನ್ನೇ ಮೆಚ್ಚುವ ಹಳದಿ ಕೊರಳಿನ ಪಿಕಳಾರ ಅವುಗಳಲ್ಲೊಂದು. ದಕ್ಷಿಣ ಭಾರತವನ್ನು ಬಿಟ್ಟರೆ ಈ ಹಕ್ಕಿ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಮಂಜಿನ ತೆರೆ ಸರಿದಾಗ ಕೆಳಗಿನ ನೆಲವು ಸ್ಪಷ್ಟವಾಗಿ ಕಾಣುತ್ತದೆ. ಬೆಟ್ಟದ ನಿಜವಾದ ಕಥೆ ಆಗ ಕಣ್ಣಿಗೆ ಬೀಳುತ್ತದೆ.

ನಂದಿಯ ಸಾಲುಬೆಟ್ಟಗಳು ಮತ್ತು ಅವುಗಳ ಸುತ್ತಲಿನ ಎತ್ತರದ ನೆಲವು ಹಲವು ಹೊಳೆಗಳ ತೌರು. ಉತ್ತರ ಪಿನಾಕಿನಿ ಆಂಧ್ರದತ್ತ, ದಕ್ಷಿಣ ಪಿನಾಕಿನಿ ತಮಿಳುನಾಡಿನತ್ತ ಹರಿದರೆ, ಅರ್ಕಾವತಿಯು ದೊಡ್ಡಬಳ್ಳಾಪುರದ ಮಾರ್ಗವಾಗಿ ಸಾಗಿ ಕಾವೇರಿಯನ್ನು ಸೇರುತ್ತದೆ. ‘ಅರ್ಕ’ ಎಂದರೆ ಸೂರ್ಯ. ಬೆಂಗಳೂರಿನ ಬಾಯಾರಿಕೆಯನ್ನು ಮೊದಲು ತಣಿಸಿದುದು ಈ ಹೊಳೆಯೇ. ೧೮೯೪ರ ಹೆಸರಘಟ್ಟದ ಯೋಜನೆ ಮತ್ತು ೧೯೩೩ರ ತಿಪ್ಪಗೊಂಡನಹಳ್ಳಿ ಜಲಾಶಯ ಎರಡೂ ಅರ್ಕಾವತಿಯ ಕೊಡುಗೆಗಳು. ಆದರೆ ಆ ಹೊಳೆಯ ಪಾತ್ರವು ಇಂದು ವರ್ಷದ ಬಹುಕಾಲ ಒಣಗಿರುತ್ತದೆ. ಕೊಳವೆ ಬಾವಿಗಳು ಅಂತರ್ಜಲವನ್ನು ಹೀರಿದವು, ಕಾಲುವೆಗಳು ಮುಚ್ಚಿಹೋದವು, ನೀಲಗಿರಿಯ ತೋಪುಗಳು ನೆಲದ ತೇವವನ್ನು ಕುಡಿದವು. ಭಾರತದಲ್ಲಿ ನೀಲಗಿರಿ ಮರವನ್ನು ಸುಮಾರು ೧೭೯೦ರಲ್ಲಿ ಮೊದಲು ನೆಟ್ಟದ್ದು ಇದೇ ಬೆಟ್ಟದಲ್ಲಿ ಎಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಹೊಸದಾಗಿ ಆ ಮರವನ್ನು ಬೆಳೆಸುವುದನ್ನು ರಾಜ್ಯ ಸರ್ಕಾರವು ೨೦೧೭ರಲ್ಲಿ ನಿಷೇಧಿಸಿತು.

ಬೆಟ್ಟವು ಕಲ್ಲಿನದಾದರೂ ಅದರ ಸಹನೆಗೆ ಮಿತಿಯುಂಟು. ೨೦೨೧ರ ಆಗಸ್ಟ್ ತಿಂಗಳಲ್ಲಿ ಒಂದು ರಾತ್ರಿ ಸುರಿದ ಭಾರಿ ಮಳೆಗೆ ಮಣ್ಣು ಬಂಡೆಗಳು ಕುಸಿದು ಮೇಲಿನ ರಸ್ತೆಯೇ ಕಡಿದುಹೋಯಿತು. ಮರಗಿಡಗಳ ಬೇರು ಹಿಡಿದಿಟ್ಟ ಮಣ್ಣು ಮಳೆಯ ನೀರನ್ನು ಇಂಗಿಸಿಕೊಂಡು ಹೊಳೆಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಬೋಳಾದ ಇಳಿಜಾರು ಆ ಕೆಲಸವನ್ನು ಮಾಡಲಾರದು. ಹಾಗೆಯೇ ಬಂದವರು ಬಿಸಾಡಿದ ಪ್ಲಾಸ್ಟಿಕ್ಕನ್ನು ಯಾವ ಮಂಜೂ ಕರಗಿಸಲಾರದು.

ಮುಂಜಾವಿನ ಸೂರ್ಯನನ್ನು ಕಾಣಲು ಬೆಟ್ಟವನ್ನೇಕೆ ಏರಬೇಕೆಂಬ ಪ್ರಶ್ನೆಗೆ ಈಗ ಉತ್ತರ ದೊರೆಯುತ್ತದೆ. ಅಂಗಳದಲ್ಲಿ ನಿಂತವರಿಗೆ ಕಾಣುವುದು ಸೂರ್ಯ ಮಾತ್ರ. ಬೆಟ್ಟದ ಮೇಲೆ ನಿಂತವರಿಗೆ ಸೂರ್ಯನೊಡನೆ ಅವನು ಬೆಳಗುವ ನೆಲವೂ ಕಾಣುತ್ತದೆ. ಹೊಲ, ತೋಟ, ಊರು, ಬತ್ತಿದ ಹೊಳೆ, ಎಲ್ಲವೂ ಒಂದೇ ನೋಟದಲ್ಲಿ ಬಂದು ನಿಲ್ಲುತ್ತವೆ. ಸೂರ್ಯನು ಮರುದಿನವೂ ತಪ್ಪದೆ ಬರುತ್ತಾನೆ. ಅವನ ಹೆಸರನ್ನು ಹೊತ್ತ ಹೊಳೆಯು ಮತ್ತೆ ಹರಿಯಬೇಕಾದರೆ ಬೆಟ್ಟದಿಂದ ಇಳಿದು ಬರುವವರು ಆ ನೋಟವನ್ನು ಮರೆಯದಿರಬೇಕು.