ಸಿಹಿ ನಿಂತ ಮೇಲಿನ ಪ್ರಾರ್ಥನೆ



ಕಳೆದ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತದ ಸಮಯದಲ್ಲಿ, ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ತಾಯಿ ಫೋನ್ ಮಾಡಿದ್ದರು. ಉಡುಪಿ ಕಡೆಯವರು. "ಊರಿನ ಇಗರ್ಜಿಯಲ್ಲಿ ಹಾಡುವಾಗ ಕಣ್ಣು ತುಂಬಿ ಬರ್ತಿತ್ತು. ಇಲ್ಲಿ ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಬಲಿಪೂಜೆಗೆ ಹೋಗ್ತೇನೆ, ಮನಸ್ಸಿಗೆ ಏನೂ ಆಗೋದಿಲ್ಲ. ನನ್ನ ವಿಶ್ವಾಸ ಒಣಗಿಹೋಯಿತಾ?" ಎಂದು ಕೇಳಿದರು. ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತಲ್ಲ ಅದು. "ಬರೆದು ತಿಳಿಸ್ತೇನಮ್ಮಾ" ಎಂದಿದ್ದೆ.

ಸುಖ ಬಿಟ್ಟು ಹೊರಟವರ ಕಥೆಗಳು ಬೈಬಲಿನ ತುಂಬ ಇವೆ. ಅಬ್ರಹಾಮ ಎಪ್ಪತ್ತೈದನೆಯ ವಯಸ್ಸಿನಲ್ಲಿ ಹಾರಾನ್ ಊರು ಬಿಟ್ಟ, ಪೇತ್ರ ಮೀನಿನ ಬಲೆ ಬಿಟ್ಟ. ಆದರೆ ಊರು, ಮನೆ ಬಿಡುವುದು ಮೊದಲ ಮೆಟ್ಟಿಲು ಮಾತ್ರ. ದೇವರು ಹತ್ತಿರದಲ್ಲೇ ಇದ್ದಾನೆ ಎಂಬ ಹಿತವಾದ ಅನಿಸಿಕೆಯೂ ಕೈಬಿಟ್ಟಾಗ ನಡೆಯುವುದು ಅದಕ್ಕಿಂತ ಕಷ್ಟ. ಈ ಎರಡೂ ಮದರ್ ತೆರೇಸಾ ಅವರ ಬದುಕಿನಲ್ಲಿ ಕಾಣುತ್ತವೆ.

1928ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಅವರು ತಾಯಿಯನ್ನು ಬಿಟ್ಟು ಲೊರೆಟೊ ಸಭೆಗೆ ಸೇರಿದರು. ಮತ್ತೆ ಆ ತಾಯಿಯ ಮುಖ ನೋಡಲೇ ಇಲ್ಲ. ಕಲ್ಕತ್ತೆಯ ಎಂಟಾಲಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ, 1944ರಲ್ಲಿ ಮುಖ್ಯೋಪಾಧ್ಯಾಯಿನಿಯಾದರು. ಅಲ್ಲಿ ಅವರಿಗೆ ಸಂತೋಷವೇ ಇತ್ತು. 1946ರ ಆಗಸ್ಟಿನಲ್ಲಿ ನಗರದಲ್ಲಿ ಗಲಭೆಯಾಗಿ ದಿನಸಿ ಬರುವುದು ನಿಂತಾಗ, ಹಾಸ್ಟೆಲಿನ ಮಕ್ಕಳ ಊಟಕ್ಕಾಗಿ ಬೀದಿಗಿಳಿದು, ಕಾಣಬಾರದ್ದನ್ನೆಲ್ಲ ಕಂಡರು. ಮರುತಿಂಗಳು, ಸೆಪ್ಟೆಂಬರ್ 10ರಂದು, ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಅವರಿಗೆ ಆದ ಅನುಭವವನ್ನು 'ಕರೆಯೊಳಗಿನ ಕರೆ' ಎಂದು ಹೇಳಿಕೊಂಡರು. ಬಡವರ ನಡುವೆ ಹೋಗಿ ಇರು ಎಂಬ ಕರೆ. ಮೇಲಿನವರ ಅನುಮತಿ ಸಿಗಲು ಸುಮಾರು ಎರಡು ವರ್ಷ ಹಿಡಿಯಿತು. 1948ರ ಆಗಸ್ಟ್ 17ರಂದು ನೀಲಿ ಅಂಚಿನ ಬಿಳಿ ಸೀರೆಯುಟ್ಟು ಹೊರಟವರು, ಪಟ್ನಾದಲ್ಲಿ ಕೆಲವು ತಿಂಗಳು ಶುಶ್ರೂಷೆಯ ಕೆಲಸ ಕಲಿತು, ಮೋತಿಝೀಲ್ ಕೊಳೆಗೇರಿಗೆ ಬಂದರು. ಹಲಗೆ ಇಲ್ಲ, ಬೆಂಚು ಇಲ್ಲ. ಕಡ್ಡಿ ಹಿಡಿದು ನೆಲದ ಮೇಲೆ ಬಂಗಾಳಿ ಅಕ್ಷರ ತಿದ್ದಿಸಿದರು. ಮನೆ ಹುಡುಕಿ ಅಲೆದು ಕಾಲು ಸೋತ ದಿನ ಲೊರೆಟೊದ ಸುಖ ತಮ್ಮನ್ನು ವಾಪಸು ಕರೆಯುತ್ತಿತ್ತು ಎಂದು ಅವರೇ ಬರೆದಿಟ್ಟಿದ್ದಾರೆ. ಸಂತರಿಗೂ ಕಾಲು ನೋಯುತ್ತದೆ ನೋಡಿ.

ಇದೆಲ್ಲ ನಮಗೆ ಗೊತ್ತಿದ್ದ ಕಥೆಯೇ. ಗೊತ್ತಿಲ್ಲದ್ದು 2007ರಲ್ಲಿ ಅವರ ಪತ್ರಗಳು ಪುಸ್ತಕವಾಗಿ ಬಂದಾಗ ಹೊರಬಿತ್ತು. ರೈಲಿನ ಆ ದಿನದ ನಂತರ ಸ್ವಲ್ಪ ಕಾಲ ಮನಸ್ಸಿನ ತುಂಬ ದೇವರ ಸಿಹಿ. ಕೊಳೆಗೇರಿಯ ಕೆಲಸ ಶುರುವಾಗುತ್ತಿದ್ದಂತೆ ಅದು ನಿಂತಿತು. ಪ್ರಾರ್ಥಿಸಿದರೆ ಒಳಗೆಲ್ಲ ಖಾಲಿ, ಕತ್ತಲೆ. 1958ರಲ್ಲಿ ಒಂದು ತಿಂಗಳಷ್ಟು ಬೆಳಕು ಬಂದು ಮತ್ತೆ ಹೋಯಿತು. ಹೆಚ್ಚುಕಡಿಮೆ ಐವತ್ತು ವರ್ಷ ಹೀಗೇ. ಈ ಪತ್ರಗಳನ್ನು ಸುಟ್ಟುಬಿಡಿ ಎಂದು ಗುರುಗಳನ್ನು ಕೇಳಿಕೊಂಡಿದ್ದರು, ಅವರು ಸುಡಲಿಲ್ಲ. ಪುಸ್ತಕ ಬಂದಾಗ 'ಮದರ್‌ಗೆ ನಂಬಿಕೆಯೇ ಇರಲಿಲ್ಲವಂತೆ' ಎಂದು ಕೆಲವರು ಬರೆದರು. ನನಗೆ ಹಾಗೆ ಕಾಣುವುದಿಲ್ಲ. ನಂಬಿಕೆ ಇಲ್ಲದವರು ಐವತ್ತು ವರ್ಷ ಯಾರಿಗಾಗಿ ಹಂಬಲಿಸಿಯಾರು?

ಕ್ರೈಸ್ತ ಪರಂಪರೆಗೆ ಈ ಕತ್ತಲೆ ಹೊಸದಲ್ಲ. ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಶಿಲುಬೆಯ ಸಂತ ಯೊವಾನ್ನರು ಇದಕ್ಕೆ ಹೆಸರನ್ನೇ ಕೊಟ್ಟರು: ಕತ್ತಲ ರಾತ್ರಿ. ತಮ್ಮದೇ ಸಭೆಯವರು 1577ರ ಕೊನೆಗೆ ಅವರನ್ನು ಟೊಲೆಡೊ ನಗರದಲ್ಲಿ ಕೂಡಿಹಾಕಿದ್ದರು, ಸುಮಾರು ಒಂಬತ್ತು ತಿಂಗಳು. ಅವರು ಕೊಡುವ ಹೋಲಿಕೆ ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮಗು ಬೆಳೆದಾಗ ತಾಯಿ ಎದೆಗೆ ಕಹಿ ಲೋಳೆಸರ ಹಚ್ಚಿ ಹಾಲು ಬಿಡಿಸುತ್ತಾಳೆ, ಕಂಕುಳಿಂದ ಇಳಿಸಿ ನಡೆಯಲು ಬಿಡುತ್ತಾಳೆ. ನಮ್ಮ ಕಡೆ ಬೇವು ಹಚ್ಚುತ್ತಾರಲ್ಲ, ಅದೇ. ಮಗುವಿಗೆ ಅಮ್ಮ ಕೈಬಿಟ್ಟಳು ಅನ್ನಿಸುತ್ತದೆ, ಅಳುತ್ತದೆ. ಅಮ್ಮನಿಗೆ ಮಾತ್ರ ಗೊತ್ತು, ಇನ್ನು ಇದು ಅನ್ನ ಉಣ್ಣಬೇಕು.

ಹಾಗೆಂದು ಎಲ್ಲ ಒಣಗುವಿಕೆಯೂ ಸಂತರ ಕತ್ತಲೆಯಲ್ಲ. ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲಾ ಇದಕ್ಕೆ ಮೂರು ಕಾರಣ ಹೇಳುತ್ತಾರೆ. ಮೊದಲನೆಯದು ನಮ್ಮ ಸೋಮಾರಿತನ! ಎರಡನೆಯದು, ಸಿಹಿಯ ಕೂಲಿ ಇಲ್ಲದೆಯೂ ನಾವು ಎಷ್ಟು ದೂರ ಬರುತ್ತೇವೆ ಎಂಬ ಪರೀಕ್ಷೆ. ಮೂರನೆಯದು, ಆ ಸಿಹಿ ನಮ್ಮ ಸಂಪಾದನೆಯಲ್ಲ, ದಾನ ಎಂದು ತಿಳಿಯಲಿ ಅಂತ. ಮನಸ್ಸು ಒಣಗಿರುವಾಗ ಮೊದಲಿನ ತೀರ್ಮಾನ ಬದಲಿಸಬೇಡಿ, ಪ್ರಾರ್ಥನೆ ಕಡಿಮೆ ಮಾಡುವ ಬದಲು ಸ್ವಲ್ಪ ಹೆಚ್ಚೇ ಕೂತುಕೊಳ್ಳಿ ಎಂಬುದು ಅವರ ಸಲಹೆ. ಊಟ, ನಿದ್ದೆ, ಮಾತು ಯಾವುದೂ ಬೇಡವೆನಿಸಿದರೆ ಅದು ಬೇರೆ ವಿಷಯ. ಡಾಕ್ಟರನ್ನು ಕಾಣಲು ಸಂಕೋಚ ಪಡಬಾರದು.

ಅಮ್ಮಾ, ಎರಡು ಬಸ್ಸಿನ ಮಾತು ನಾನು ಆವತ್ತು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಮನೆಗೆ ಹೋದ ಮೇಲೆ ನೆನಪಾಯಿತು. ಈ ಪುಟ ಕೈಗೆ ಸಿಕ್ಕರೆ ಇನ್ನೊಮ್ಮೆ ಫೋನ್ ಮಾಡಿ. ಊರಿನ ಇಗರ್ಜಿಯಲ್ಲಿ ಹಾಡುತ್ತಿದ್ದ ಹಾಡು ಯಾವುದೆಂದು ಕೇಳುವುದು ಮರೆತೇಬಿಟ್ಟೆ.