ಮೇಳಕ್ಕೆ ಹೋದರೆ ಊಟದ ಸಾಲು ತಪ್ಪಿಸಬೇಡಿ

2023ರ ಫೆಬ್ರವರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ರಾಷ್ಟ್ರೀಯ ತೋಟಗಾರಿಕಾ ಮೇಳ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ, ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿದು ನಾವು ಮೂವರು ಹೋಗಿದ್ದೆವು. ನನಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ. ಕಸಿ ಕಟ್ಟಿದ ಬದನೆ ಗಿಡವೂ ಯಾಕೆ ಸೊರಗಿ ಸತ್ತಿತು?

ಹಿನ್ನೆಲೆ ಹೇಳಿಬಿಡುತ್ತೇನೆ. ಗದ್ದೆಯ ಹದಿನೆಂಟು ಸೆಂಟ್ಸಿನಲ್ಲಿ ನಾನು ಊರ ಗುಳ್ಳ ಬದನೆ ಬೆಳೆಯುವವ. ನಮ್ಮ ಮಣ್ಣಿನಲ್ಲಿ ಸೊರಗು ರೋಗದ ಕಾಟ ಜಾಸ್ತಿ. ಬೆಳಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನ ಜೋಲು ಮುಖ ಹಾಕುತ್ತದೆ, ಮೂರು ದಿನದಲ್ಲಿ ಹಸಿರು ಇರುವಾಗಲೇ ಸಾಯುತ್ತದೆ. ಸುಂಡೆ ಗಿಡಕ್ಕೆ ಕಸಿ ಕಟ್ಟಿದರೆ ಈ ರೋಗ ತಡೆಯುತ್ತದೆ ಎಂದು ಕೇಳಿ 2022ರಲ್ಲಿ ಮುನ್ನೂರು ಕಸಿ ಗಿಡ ನೆಟ್ಟೆ. ಎರಡನೇ ತಿಂಗಳಲ್ಲಿ ಸೊರಗಲು ಶುರು. ಹೂ ಬಿಡುವಷ್ಟರಲ್ಲಿ ನೂರಿಪ್ಪತ್ತು ಗಿಡ ಹೋಯಿತು. ಸಹಕಾರಿ ಸಂಘದ ಸಾಲದಲ್ಲಿ ಮಾಡಿದ ಕೃಷಿ. ಮನೆಯಲ್ಲಿ ‘ಇನ್ನು ಬದನೆಯ ಹೆಸರೆತ್ತಬೇಡಿ’ ಎಂದು ಅಪ್ಪಣೆಯಾಗಿತ್ತು.

ಮೇಳದಲ್ಲಿ ಬೆಳಗ್ಗಿನಿಂದ ತಿರುಗಿದೆವು. ಪ್ರಾತ್ಯಕ್ಷಿಕೆಯ ತಾಕುಗಳು ಚೆಂದ. ಮೂರು ರೋಗ ತಡೆಯುವ ಅರ್ಕಾ ರಕ್ಷಕ್ ಟೊಮೆಟೊ ನೋಡಿದೆವು. ಎಲೆ ಮುದುಡು ನಂಜು, ಸೊರಗು, ಎಲೆ ಅಂಗಮಾರಿ ಮೂರನ್ನೂ ಅದು ತಾಳುತ್ತದೆ. ಉಪನ್ಯಾಸವೊಂದಕ್ಕೂ ಕೂತೆ. ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಧ್ಯಾಹ್ನ, ಊಟದ ಸಾಲಿನಲ್ಲಿ. ಸಾಲು ಉದ್ದ ಇತ್ತು, ಬಿಸಿಲೂ ಇತ್ತು. ಎದುರು ನಿಂತವರು ಕೋಲಾರ ಕಡೆಯ ಕೃಷಿಕರು. ಅವರದು ಟೊಮೆಟೊ, ಬದನೆ. ಮಾತಿಗೆ ಮಾತು ಬೆಳೆದು ಮೊಬೈಲಿನಲ್ಲಿದ್ದ ಫೋಟೊ ತೋರಿಸಿದೆ. ಅವರು ಒಂದೇ ಕೇಳಿದರು: ‘ಮಣ್ಣೇರಿಸಿದ್ರಾ ಸ್ವಾಮಿ?’

‘ಹೌದು. ಬದನೆಗೆ ಏರಿಸದೆ ಇರ್ತಾರಾ?’

‘ಅದಕ್ಕೇ ಹೋಯ್ತು ನೋಡಿ.’

ವಿವರ ಹೀಗೆ. ರೋಗ ತಡೆಯುವ ಶಕ್ತಿ ಇರುವುದು ಸುಂಡೆಯ ಬೇರಿಗೆ, ಮೇಲಿನ ಬದನೆಯ ದಂಟಿಗಲ್ಲ. ಕಸಿಯ ಗಂಟು ಮಣ್ಣಿನಲ್ಲಿ ಮುಚ್ಚಿದರೆ ಬದನೆಯ ದಂಟು ತನ್ನದೇ ಬೇರು ಬಿಡುತ್ತದೆ. ಆ ಬೇರಿನ ಮೂಲಕ ಸೊರಗಿನ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಆಗ ಕಸಿ ಕಟ್ಟಿದ್ದೂ ಒಂದೇ, ಕಟ್ಟದ್ದೂ ಒಂದೇ. ಗಂಟು ನೆಲದಿಂದ ಮೂರು-ನಾಲ್ಕು ಬೆರಳು ಮೇಲೆಯೇ ಉಳಿಯಬೇಕು. ಗೊಬ್ಬರ ಹಾಕುವುದಾದರೆ ಬುಡದಿಂದ ದೂರಕ್ಕೆ. ಗಂಟಿನ ಕೆಳಗೆ ಸುಂಡೆಯ ಚಿಗುರು ಬಂದರೆ ಕೂಡಲೇ ಚಿವುಟಬೇಕು.

ಅವರು ಇನ್ನೊಂದು ಪರೀಕ್ಷೆಯನ್ನೂ ಹೇಳಿಕೊಟ್ಟರು. ಸೊರಗಿದ ಗಿಡದ ಬುಡದ ದಂಟನ್ನು ಅಡ್ಡಕ್ಕೆ ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಅದ್ದಿ ಅಲುಗಾಡಿಸದೆ ಹಿಡಿಯಬೇಕು. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು. ಇಳಿಯದಿದ್ದರೆ ಶಿಲೀಂಧ್ರವೋ ಬೇರು ಹುಳವೋ ಬೇರೇನೋ. ಈ ಪರೀಕ್ಷೆ ಪುಸ್ತಕದಲ್ಲೂ ಉಂಟು. ನಾನು ಓದಿರಲಿಲ್ಲ, ಅಷ್ಟೆ.

ಅನ್ನ-ಸಾಂಬಾರು ಬಟ್ಟಲಿಗೆ ಬೀಳುವಷ್ಟರಲ್ಲಿ ನನ್ನ ಒಂದು ವರ್ಷದ ತಲೆಬಿಸಿ ಇಳಿದಿತ್ತು.

ವೇದಿಕೆಯಲ್ಲಿ ಸಿಗದ್ದು

ವಿಜ್ಞಾನಿಗಳನ್ನು ಹಗುರ ಮಾಡಲು ಇದನ್ನು ಬರೆಯುತ್ತಿಲ್ಲ. ಸುಂಡೆಯ ಬೇರಿಗೆ ಬದನೆ ಕಸಿ ಕಟ್ಟಬಹುದೆಂದು ತೋರಿಸಿಕೊಟ್ಟದ್ದೇ ಸಂಶೋಧನೆ. ಆದರೆ ಉಪನ್ಯಾಸ ಮಾಡುವವರು ಎಲ್ಲರಿಗೂ ಹೊಂದುವ ಮಾತು ಹೇಳಬೇಕು. ನನ್ನ ಗದ್ದೆಯಲ್ಲಿ ನಾನು ಎಲ್ಲಿ ತಪ್ಪುತ್ತೇನೆಂದು ಅವರಿಗೆ ಹೇಗೆ ಗೊತ್ತು? ಅದೇ ತಪ್ಪು ಮಾಡಿ ಕೈಸುಟ್ಟುಕೊಂಡವನಿಗೆ ಗೊತ್ತು. ಅವನು ವೇದಿಕೆ ಹತ್ತಿದರೆ ಲಾಭದ ಲೆಕ್ಕ ಹೇಳುತ್ತಾನೆ, ಚಹಾದ ಲೋಟ ಹಿಡಿದರೆ ನಷ್ಟದ ಲೆಕ್ಕ ಹೇಳುತ್ತಾನೆ. ನಮಗೆ ಎರಡನೆಯದರ ಅಗತ್ಯ ಹೆಚ್ಚು.

ಹಾಗಾಗಿ ಪರಿಚಯವಾದ ಕೂಡಲೇ ‘ಎಕರೆಗೆ ಎಷ್ಟು ಬರುತ್ತದೆ?’ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಆ ಪ್ರಶ್ನೆಗೆ ಯಾರೂ ಸತ್ಯ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ‘ಹೋದ ವರ್ಷ ಏನು ಹಾಳಾಯಿತು?’ ಎಂದು ಕೇಳಿ. ಮೊದಲು ನಿಮ್ಮದು ಹೇಳಿ, ಮತ್ತೆ ಕೇಳಿ. ಮಾತು ಬಿಚ್ಚಿಕೊಳ್ಳುತ್ತದೆ.

ಆ ರಾತ್ರಿ ನಾವು ಉಳಿದ ಕಡೆ ಬೇರೆ ಬೇರೆ ಜಿಲ್ಲೆಯ ಎಂಟು ಜನ ಇದ್ದೆವು, ನೆಲಕ್ಕೆ ಚಾಪೆ. ಹನ್ನೊಂದು ಗಂಟೆಯ ತನಕ ಮಾತು. ಸುಂಡೆ ಬೀಜ ಮೊಳೆಯಲು ಬದನೆಗಿಂತ ಬಹಳ ಉದಾಸೀನ, ಒಂದೇ ಸಮ ಮೊಳೆಯುವುದೂ ಇಲ್ಲ, ಆದ್ದರಿಂದ ಮೂರು-ನಾಲ್ಕು ವಾರ ಮೊದಲೇ ಬಿತ್ತಬೇಕು ಎನ್ನುವುದು ತಿಳಿದದ್ದು ಅಲ್ಲಿ. ಎರಡೂ ದಂಟು ಪೆನ್ಸಿಲಿನ ಕಡ್ಡಿಯಷ್ಟು ದಪ್ಪ ಬಂದಾಗ ಸೀಳಿ ಕೂರಿಸಿ ಕ್ಲಿಪ್ ಹಾಕುವುದು, ಒಂದು ವಾರ ನೆರಳಿನಲ್ಲಿ ತೇವ ಆರದ ಹಾಗೆ ಪ್ಲಾಸ್ಟಿಕ್ ಗೂಡಿನೊಳಗೆ ಇಡುವುದು, ಮತ್ತೆ ನಿಧಾನಕ್ಕೆ ಬಿಸಿಲಿಗೆ ಒಗ್ಗಿಸುವುದು. ಗದಗ ಕಡೆಯ ಒಬ್ಬ ಹುಡುಗ ಕಾಗದದಲ್ಲಿ ಚಿತ್ರ ಬರೆದೇ ಕೊಟ್ಟ. ಮೂಲೆಯಲ್ಲಿ ಮಲಗಿದ್ದ ಹಿರಿಯರೊಬ್ಬರು ‘ದೀಪ ಆರಿಸಿ ಮಾರಾಯ್ರೇ’ ಎಂದು ಮೂರು ಸಲ ಬೈದರು.

ಬೀಜ ಬದಲಾಯಿಸುವ ಚಾಪೆ

ಹಣ್ಣು-ತರಕಾರಿ ಬೆಳೆಗಾರರು ಸೇರುವಲ್ಲಿ ಬೀಜ ವಿನಿಮಯ ಇದ್ದೇ ಇರುತ್ತದೆ. ಇದರಲ್ಲಿ ಹೆಂಗಸರು ನಮಗಿಂತ ಮುಂದೆ. ನನ್ನ ಹೆಂಡತಿ ಒಂದು ಹಲಸಿನ ಮೇಳದಿಂದ ಬರುವಾಗ ಸೆರಗಿನ ತುದಿಯಲ್ಲಿ ನಾಲ್ಕು ಬಗೆಯ ಅಲಸಂದೆ ಬೀಜ ಕಟ್ಟಿಕೊಂಡು ಬಂದಿದ್ದಳು, ನಾನು ತಂದದ್ದು ಬರೀ ಕರಪತ್ರ.

ಬೀಜ ಕೊಟ್ಟು-ತೆಗೆದುಕೊಳ್ಳುವುದಕ್ಕೆ ಕಾನೂನಿನ ತೊಂದರೆ ಉಂಟಾ ಎಂದು ಕೆಲವರು ಹೆದರುತ್ತಾರೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ರಕ್ಷಣಾ ಕಾಯಿದೆ ಪ್ರಕಾರ ಕೃಷಿಕ ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಬದಲಾಯಿಸಬಹುದು, ಹಂಚಬಹುದು, ಮಾರಲೂ ಬಹುದು. ನೋಂದಾಯಿತ ತಳಿಯನ್ನು ಬ್ರಾಂಡ್ ಹೆಸರು ಹಾಕಿ ಪ್ಯಾಕೆಟ್ ಮಾಡಿ ಮಾರುವಂತಿಲ್ಲ, ಅಷ್ಟೇ. ಇನ್ನು ಹೈಬ್ರಿಡ್ ಕಾಯಿಯಿಂದ ತೆಗೆದ ಬೀಜ ತಾಯಿಯ ಹಾಗೆ ಬರುವುದಿಲ್ಲ, ಅದನ್ನು ಕೊಟ್ಟು ಸ್ನೇಹ ಕೆಡಿಸಿಕೊಳ್ಳಬೇಡಿ.

ಚೆನ್ನಾಗಿ ಒಣಗಿದ ಬೀಜ ತನ್ನಿ. ಪ್ಲಾಸ್ಟಿಕ್ ಬೇಡ, ಕಾಗದದ ಪೊಟ್ಟಣ ಸಾಕು. ಮೇಲೆ ಬೆಳೆ, ನಿಮ್ಮ ಊರು, ಬೀಜ ತೆಗೆದ ತಿಂಗಳು, ಬಿತ್ತುವ ಕಾಲ ಬರೆಯಿರಿ. ಬರೆಯದ ಪೊಟ್ಟಣ ಮನೆಗೆ ಬಂದ ಮೇಲೆ ಯಾರಿಗೂ ಬೇಡದ್ದಾಗುತ್ತದೆ. ನಮ್ಮ ಅಟ್ಟದಲ್ಲಿ ಅಂಥದ್ದು ಒಂದು ಡಬ್ಬ ತುಂಬ ಉಂಟು. ಮಣ್ಣು ಸಮೇತದ ಗಿಡ, ಬಾಳೆ ಕಂದು ಮಾತ್ರ ಎಷ್ಟೇ ಪ್ರೀತಿಯಿಂದ ಕೊಟ್ಟರೂ ಬೇಡವೆನ್ನಿ. ಬಾಳೆಯ ಬಂಚಿ ಟಾಪ್ ನಂಜು ರೋಗ ಕಂದಿನ ಜತೆಗೇ ಬರುತ್ತದೆ. ಪನಾಮ ಸೊರಗು ಕಂದಿನಲ್ಲೂ ಬರುತ್ತದೆ, ಅದಕ್ಕಂಟಿದ ಮಣ್ಣಿನಲ್ಲೂ ಬರುತ್ತದೆ. ಒಮ್ಮೆ ತೋಟಕ್ಕೆ ಹೊಕ್ಕರೆ ಮತ್ತೆ ಹೊರಹಾಕುವುದು ಯಾರಿಂದಲೂ ಆಗದು.

ಚಹಾದ ಸಾಲಿನಲ್ಲಿ ಸಿಗುವವರೆಲ್ಲ ಕೃಷಿಕರಲ್ಲ ಎನ್ನುವುದೂ ನೆನಪಿರಲಿ. ನಮ್ಮ ನೆರೆಯವರೊಬ್ಬರು ಒಂದು ಮೇಳದಲ್ಲಿ ‘ನಾನೂ ನಿಮ್ಮ ಹಾಗೆ ಬೆಳೆಗಾರ’ ಎಂದವನ ಮಾತು ನಂಬಿ, ಎರಡೇ ವರ್ಷದಲ್ಲಿ ಕಾಯಿ ಬಿಡುವ ಗಿಡ ಅಂತ ಐವತ್ತು ಕೊಂಡು ತಂದರು. ಆರು ವರ್ಷ ಕಳೆಯಿತು, ಈಗ ಅದು ದನ ಕಟ್ಟಲು ನೆರಳಾಗಿದೆ. ತೋಟಕ್ಕೆ ಬನ್ನಿ ಎಂದು ಕರೆಯದವರ ಹತ್ತಿರ ಗಿಡ ಕೊಳ್ಳುವುದಿಲ್ಲ ಎಂದು ನಾನು ನಿಯಮ ಮಾಡಿಕೊಂಡಿದ್ದೇನೆ.

ಪರಿಚಯವಾದವರನ್ನು ಉಳಿಸಿಕೊಳ್ಳುವುದೂ ಒಂದು ಕೆಲಸ. ಮೊಬೈಲಿನಲ್ಲಿ ಬರೀ ಹೆಸರು ಹಾಕಿಟ್ಟರೆ ತಿಂಗಳ ಮೇಲೆ ಗುರುತು ಸಿಗುವುದಿಲ್ಲ. ‘ಕೋಲಾರ ಬದನೆ ಕಸಿ’, ‘ಶಿರಸಿ ಕಾಳುಮೆಣಸು’ ಎಂದು ಊರು-ಬೆಳೆ ಸೇರಿಸಿ ಹಾಕುತ್ತೇನೆ. ಹದಿನೈದು ದಿನದೊಳಗೆ ಒಂದು ಫೋನು ಮಾಡಬೇಕು, ಇಲ್ಲದಿದ್ದರೆ ಆ ಪರಿಚಯ ಅಲ್ಲಿಗೇ ಮುಗಿಯಿತು.

ನಾವು ಮಾಡಿ ನೋಡಿದ್ದು

ಸಣ್ಣ ಸಮಾವೇಶ ನಡೆಸುವವರಿಗೂ ಇದರಲ್ಲಿ ಕೆಲಸ ಉಂಟು. ನಮ್ಮ ಸುತ್ತಿನ ಒಂದು ಬೆಳೆಗಾರರ ಸಭೆಯಲ್ಲಿ ದೀಪ, ಹಾರ, ಶಾಲು, ಅತಿಥಿಗಳ ಭಾಷಣ ಮುಗಿಯುವಾಗ ಗಂಟೆ ಒಂದೂವರೆ. ಊಟ ಮಾಡಿ ಎಲ್ಲರೂ ದನಕ್ಕೆ ಹುಲ್ಲು ಹಾಕಬೇಕೆಂದು ಹೊರಟರು. ಮರುವರ್ಷ ನಾವು ಕೆಲವರು ಹಠ ಹಿಡಿದೆವು. ವೇದಿಕೆ ಇಲ್ಲ. ಬಂದವರ ಎದೆಗೆ ಚೀಟಿ, ಅದರಲ್ಲಿ ಹೆಸರಿಗಿಂತ ದೊಡ್ಡದಾಗಿ ಊರು ಮತ್ತು ಬೆಳೆ. ಊಟಕ್ಕೆ ಬೆಳೆವಾರು ಪಂಕ್ತಿ: ಸೌತೆಯವರು ಒಂದು ಕಡೆ, ಬೆಂಡೆಯವರು ಒಂದು ಕಡೆ, ಬಾಳೆ-ಪಪ್ಪಾಯಿಯವರು ಇನ್ನೊಂದು ಕಡೆ. ಊಟದ ನಂತರ ಒಂದು ಗಂಟೆ ಯಾವ ಕಾರ್ಯಕ್ರಮವೂ ಇಲ್ಲ.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳು. ಬೆಂಡೆಯ ಪಂಕ್ತಿಯಲ್ಲಿ ಹಳೇ ಜಾಗದ ತಕರಾರಿನವರು ಅಕ್ಕಪಕ್ಕ ಬಿದ್ದು ಮಾತೇ ಆಗಲಿಲ್ಲ. ಪಪ್ಪಾಯಿಯವರು ಇದ್ದದ್ದೇ ಇಬ್ಬರು. ಹೆಂಗಸರು ಅಡುಗೆ ಬಡಿಸುವುದರಲ್ಲೇ ಉಳಿದರು. ಅದು ನಮ್ಮ ತಪ್ಪು, ಈಗ ಬಡಿಸುವ ಕೆಲಸ ಗಂಡಸರಿಗೆ. ಆದರೆ ಸೌತೆಯ ಏಳು ಜನ ಮೊಸರನ್ನ ಕಲಸುತ್ತಲೇ ಒಂದು ಲೆಕ್ಕ ತೆಗೆದರು. ಏಳೂ ಜನ ಬೇರೆ ಬೇರೆ ದಿನ ಬೇರೆ ಬೇರೆ ಪಿಕಪ್‌ನಲ್ಲಿ ಅದೇ ಮಂಗಳೂರು ಮಾರುಕಟ್ಟೆಗೆ ಹೋಗುತ್ತಿದ್ದರು! ಮುಂದಿನ ವಾರದಿಂದ ವಾರಕ್ಕೆ ಎರಡು ದಿನ ಒಂದೇ ಗಾಡಿ. ಬಾಡಿಗೆ ಏಳು ಪಾಲು.

ಬೆಳೆಗಾರರು ಒಟ್ಟು ಸೇರಿ ಮಾರುವುದು ಹೊಸತೇನಲ್ಲ. ಇಂದಿನ ಹಾಪ್‌ಕಾಮ್ಸ್ ಹುಟ್ಟಿದ್ದು 1959ರಲ್ಲಿ, ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಲ್ಲಿ, ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರಿ ಸಂಘವಾಗಿ. ಹಣ್ಣು-ತರಕಾರಿ ಎಲ್ಲ ಸೇರಿದ್ದು ಮತ್ತೆ. ನಮ್ಮ ಏಳು ಜನ ಅಷ್ಟು ದೂರ ಹೋಗುತ್ತಾರೆಂದು ನಾನು ಹೇಳುವುದಿಲ್ಲ. ಸದ್ಯ ಗಾಡಿಯಲ್ಲಿ ಯಾರ ಗೋಣಿ ಮೇಲೆ, ಯಾರದ್ದು ಕೆಳಗೆ ಎಂಬ ಚರ್ಚೆ ನಡೆಯುತ್ತಿದೆ.

ನನ್ನ ಬದನೆಯ ಕಥೆ ಬಾಕಿ ಉಂಟು. 2023ರ ಮಳೆ ಮುಗಿದ ಮೇಲೆ ಮತ್ತೆ ಮುನ್ನೂರು ಕಸಿ ಗಿಡ ನೆಟ್ಟೆ. ಮಣ್ಣೇರಿಸಲಿಲ್ಲ. ಗಂಟಿನ ಕೆಳಗೆ ಬಂದ ಚಿಗುರನ್ನು ವಾರಕ್ಕೊಮ್ಮೆ ತೆಗೆದೆ, ಸೊರಗು ಬಂದ ಹಳೇ ತಾಕಿನ ನೀರು ಇತ್ತ ಹರಿಯದ ಹಾಗೆ ಕಣಿ ತಿರುಗಿಸಿದೆ. ಸತ್ತದ್ದು ಹನ್ನೊಂದು. ಅದರಲ್ಲಿ ಮೂರು ಹಂದಿಯ ಲೆಕ್ಕಕ್ಕೆ.

ಕೋಲಾರದವರು ಆಗಾಗ ಫೋನು ಮಾಡುತ್ತಾರೆ. ಆ ವರ್ಷ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ‘ನೀವಂತೂ ಗೆದ್ರಿ’ ಎಂದೆ. ‘ಎಲ್ಲಿ ಸ್ವಾಮಿ, ನಾನು ಆ ಸಲ ಬರೀ ಬದನೆ ಹಾಕಿದ್ದೆ’ ಎಂದು ಜೋರಾಗಿ ನಕ್ಕರು. ನಮ್ಮ ಮುಂದಿನ ಸಭೆಗೆ ಬರುತ್ತೇನೆಂದಿದ್ದಾರೆ, ಒಂದು ಪೊಟ್ಟಣ ಸುಂಡೆ ಬೀಜ ತರುತ್ತಾರಂತೆ. ಬದಲಿಗೆ ಗುಳ್ಳದ ಬೀಜ ತೆಗೆದಿಟ್ಟಿದ್ದೇನೆ, ಊರು-ತಿಂಗಳು ಬರೆದು.