ಕಾಫಿ ತೋಟದೊಳಗಿನ ಕಡಂಗಗಳು

ದಕ್ಷಿಣ ಕೊಡಗಿನ ಬಾಳೆಲೆಯ ಮಳೆಗಾಲ ಲಕ್ಷ್ಮಣತೀರ್ಥ ಹೊಳೆಯ ಕೈಯಲ್ಲಿದೆ. ಬ್ರಹ್ಮಗಿರಿ ಬೆಟ್ಟಸಾಲಿನಿಂದ ಇರ್ಪು ಜಲಪಾತವಾಗಿ ಇಳಿದು ಬರುವ ಈ ಹೊಳೆ, ಮಳೆ ಜೋರಾದರೆ ದಡ ಮೀರಿ ಗದ್ದೆಗೆ ನುಗ್ಗುತ್ತದೆ. ನಿಟ್ಟೂರಿನ ಕಡೆಯ ದಾರಿ ನೀರಿನಲ್ಲಿ ಮುಳುಗಿ ಸಂಚಾರ ನಿಲ್ಲುವುದು ಇಲ್ಲಿಯವರಿಗೆ ಹೊಸದಲ್ಲ. ಹೊಳೆಯ ಬಯಲು ದಾಟಿದರೆ ಕಾಫಿ ತೋಟಗಳು, ಅವುಗಳ ಆಚೆ ನಾಗರಹೊಳೆಯ ಕಾಡು. ಇಂಥ ನಾಡಿನಲ್ಲಿ ಕೋಟೆ ನೋಡಬೇಕೆಂದು ಬಂದವರು ಕಲ್ಲಿನ ಬುರುಜು ಹುಡುಕಿದರೆ ಬರಿಗೈಯಲ್ಲಿ ಹಿಂತಿರುಗಬೇಕು. ದಕ್ಷಿಣ ಕೊಡಗಿನ ಹಳೆಯ ರಕ್ಷಣೆಯ ಕುರುಹು ನೆಲದಲ್ಲೇ ಇದೆ. ಅದರ ಹೆಸರು ಕಡಂಗ.

ಕಡಂಗವೆಂದರೆ ಯುದ್ಧದ ಕಂದಕ. ನೆಲವನ್ನು ಆಳವಾಗಿ ಅಗೆದು, ಅಗೆದ ಮಣ್ಣನ್ನೆಲ್ಲ ಒಳಬದಿಗೆ ಏರಿಯಂತೆ ಒಟ್ಟುತ್ತಿದ್ದರು. ಹೊರಗಿನಿಂದ ಬಂದವನು ಮೊದಲು ಕಂದಕಕ್ಕೆ ಇಳಿಯಬೇಕು, ಆಮೇಲೆ ಕಡಿದಾದ ಏರಿ ಹತ್ತಬೇಕು. ಏರಿಯ ಮೇಲೆ ನಿಂತು ಕಾಯುವವನಿಗೆ ಅಷ್ಟು ಹೊತ್ತು ಸಾಕು. ಕೊಡಗಿನ ಮಳೆಗೆ ನೆನೆದ ಕೆಂಪು ಜೇಡಿಮಣ್ಣು ಹತ್ತಿ ಗೊತ್ತಿದ್ದವರಿಗೆ ಆ ಇಳಿಜಾರಿನ ಬಲ ವಿವರಿಸಿ ಹೇಳಬೇಕಾಗಿಲ್ಲ.

ಯುರೋಪಿನಲ್ಲೂ ಇದೇ ಯೋಚನೆ ಬೇರೆ ರೂಪ ತಾಳಿತು. ಜರ್ಮನಿಯಲ್ಲಿ ಬೆಟ್ಟವಿಲ್ಲದ ಕಡೆ, ತಗ್ಗಿನಲ್ಲಿ, ಸುತ್ತ ಕಂದಕ ತೋಡಿ ತೊರೆಯ ನೀರು ತುಂಬಿಸಿ ಕಟ್ಟಿದ ಕೋಟೆಗಳಿಗೆ ಜಲಕೋಟೆಗಳೆಂದೇ ಹೆಸರು. ಹುನ್ಸ್‌ರ್ಯೂಕ್ ಪ್ರದೇಶದ ಬಾಲ್ಡೆನಾವ್ ಅಂಥದ್ದೊಂದು. ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ 14ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಈ ಕೋಟೆಯನ್ನು 1689ರಲ್ಲಿ ಫ್ರೆಂಚ್ ಸೈನ್ಯ ಹಾಳುಗೆಡವಿತು. ಅಳಿದುಳಿದ ಗೋಡೆ, ದುಂಡು ಗೋಪುರ ನೋಡಲು ಜನ ಇವತ್ತಿಗೂ ಹೋಗುತ್ತಾರೆ. ನಮ್ಮಲ್ಲಿ ನೀರಿನ ಕಂದಕದ ಕೋಟೆ ನೋಡಬೇಕೆಂದರೆ ಕುಮಟಾದ ಹತ್ತಿರದ ಮಿರ್ಜಾನ್ ಇದೆ. ಕೊಡಗಿನವರು ಆ ದಾರಿ ಹಿಡಿಯಲಿಲ್ಲ. ಇಳಿಜಾರಿನ ನಾಡಿನಲ್ಲಿ ನೀರು ನಿಲ್ಲಿಸುವುದಕ್ಕಿಂತ ಮಣ್ಣು ಎತ್ತುವುದು ಸುಲಭ. ಒಂದು ಅರಮನೆಯ ಸುತ್ತ ತೋಡುವ ಬದಲು ಅವರು ನಾಡಿಗೆ ನಾಡನ್ನೇ ಸುತ್ತುವರಿದರು.

ಆ ಕೆಲಸದ ಗಾತ್ರ ಕೇಳಿದರೆ ಬೆರಗಾಗುತ್ತದೆ. ಕೆಲವು ಕಡೆ ಏರಿ 40 ಅಡಿಯಷ್ಟು ಎತ್ತರ, ಮುಂದಿನ ಕಂದಕ 10 ಅಡಿ ಅಗಲ, 8ರಿಂದ 10 ಅಡಿ ಆಳ ಎಂದು ಬ್ರಿಟಿಷರ ಕಾಲದ ಬರಹಗಳು ದಾಖಲಿಸಿವೆ. ಕೊಡಗಿನ ಎಲ್ಲ ಕಡಂಗಗಳನ್ನು ಒಂದಕ್ಕೊಂದು ಜೋಡಿಸಿದರೆ 500ರಿಂದ 600 ಮೈಲಿ ಆದೀತೆಂಬ ಅಂದಾಜೂ ಅವುಗಳಲ್ಲಿದೆ. ಗುಡ್ಡ ಹತ್ತಿ, ಕಾಡು ಹೊಕ್ಕು, ಬಯಲಿಗಿಳಿದು ಇವು ಸಾಗುತ್ತವೆ. ಕೆಲವೆಡೆ ಕವಲೊಡೆಯುತ್ತವೆ, ಕೆಲವೆಡೆ ಗುಡ್ಡದ ನೆತ್ತಿಯನ್ನು ಬಳಸಿ ನಿಲ್ಲುತ್ತವೆ. ಗುದ್ದಲಿ, ಬುಟ್ಟಿ, ಹೆಗಲುಗಳಿಂದಲೇ ಇಷ್ಟು ಮಣ್ಣು ಮೇಲೆದ್ದಿದೆ. ಇದನ್ನು ಮಾಡಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕಡಂಗದ ಹೆಸರು ಮಾತ್ರ ಉಳಿದಿದೆ: ವಿರಾಜಪೇಟೆಯ ಹತ್ತಿರ ಕಡಂಗ ಎಂಬ ಊರೇ ಇದೆ.

ಕಾಲದ ಲೆಕ್ಕವೂ ಹಿಂದಕ್ಕೆ ಹೋಗುತ್ತದೆ. ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಕೊಡಗಿನ ಶಾಸನಗಳದ್ದು. ಅದನ್ನು ಸಂಪಾದಿಸಿದ ಬಿ.ಎಲ್. ರೈಸ್, ಕಡಂಗಗಳ ಪ್ರಸ್ತಾಪ 9 ಮತ್ತು 10ನೇ ಶತಮಾನದ ಶಾಸನಗಳಲ್ಲೇ ಬರುತ್ತದೆಂದು ಗುರುತಿಸಿದರು. ಅಂದರೆ ಗಂಗರು ಈ ಸೀಮೆಯನ್ನು ಆಳುತ್ತಿದ್ದ ಕಾಲಕ್ಕೇ ಕಂದಕಗಳಿದ್ದವು. ಬಾಲ್ಡೆನಾವ್‌ಗೆ ಅಡಿಪಾಯ ಹಾಕುವ ಹೊತ್ತಿಗೆ ಕೊಡಗಿನ ಕಡಂಗಗಳಿಗೆ ಮುನ್ನೂರು ವರ್ಷವಾದರೂ ಆಗಿತ್ತು. ಮುಂದೆ ನಾಯಕರು ತಂತಮ್ಮ ನಾಡು ಕಾಯ್ದುಕೊಂಡರು. ಆಮೇಲೆ ಹಾಲೇರಿ ಅರಸರು ಬಂದರು. ಅರಸರ ಕಾಲದಲ್ಲಿ ಗಡಿಯ ದಾರಿಗಳಲ್ಲಿ ಉಕ್ಕಡಗಳೆಂಬ ಕಾವಲು ಠಾಣೆಗಳಿದ್ದವು. ವಂಶಪಾರಂಪರ್ಯದ ಜಮ್ಮಾ ಭೂಮಿ ಹಿಡಿದ ಒಕ್ಕಗಳ, ಅಂದರೆ ಕುಲಮನೆತನಗಳ, ಗಂಡಸರು ಸರದಿಯ ಮೇಲೆ ಅಲ್ಲಿ ಕಾವಲು ನಿಲ್ಲಬೇಕಿತ್ತು. ಕಾಯುವವರಿದ್ದರಷ್ಟೇ ಕಡಂಗಕ್ಕೆ ಬೆಲೆ.

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಹಲವು ದಿಕ್ಕುಗಳಿಂದ ಕೊಡಗಿನೊಳಗೆ ನುಗ್ಗಿತು. ಉತ್ತರದಿಂದ ಬಂದ ತುಕಡಿ ಬಕ್ಕದ ಬಳಿಯ ತಡೆಗೋಡೆಯ ಮುಂದೆ ಪೆಟ್ಟು ತಿಂದು ಹಿಮ್ಮೆಟ್ಟಿತು. ಅದರ ಒಬ್ಬ ಕರ್ನಲ್ ಅಲ್ಲೇ ಸತ್ತ. ಆದರೆ ಬೇರೆ ದಾರಿಯಿಂದ ಬಂದವರು ಮಡಿಕೇರಿ ತಲುಪಿದರು. ಅರಸ ಚಿಕ್ಕವೀರರಾಜೇಂದ್ರ ಶರಣಾದ. ಅಲ್ಲಿಗೆ ಕಡಂಗಗಳ ಯುದ್ಧದ ಕೆಲಸ ಮುಗಿಯಿತು.

ಇವುಗಳ ಬಗ್ಗೆ ಮೊದಲು ಬರೆದಿಟ್ಟವರಲ್ಲಿ ಲೆಫ್ಟಿನೆಂಟ್ ಕಾನರ್ ಒಬ್ಬ. 1817ರ ಹೊತ್ತಿಗೆ ಕೊಡಗಿನ ಸರ್ವೆ ಮುಗಿಸಿದವನು ಅವನು. ಮುಂದೆ 1870ರಲ್ಲಿ ತನ್ನ ‘ಮ್ಯಾನ್ಯುಅಲ್ ಆಫ್ ಕೂರ್ಗ್’ನಲ್ಲಿ ಕಡಂಗಗಳಿಗೆ ಜಾಗ ಕೊಟ್ಟ ರೆವರೆಂಡ್ ರಿಕ್ಟರ್ ಜರ್ಮನ್ ಮೂಲದವನು, ಬಾಸೆಲ್ ಮಿಷನ್ನಿಗೆ ಸೇರಿದವನು. ಅವನಿಗಿಂತ ಮುಂಚೆ, 1855ರಲ್ಲಿ ಕೊಡಗಿನ ಕುರಿತು ಪುಸ್ತಕ ಬರೆದ ಹರ್ಮನ್ ಮೋಗ್ಲಿಂಗ್ ಕೂಡ ಜರ್ಮನಿಯವನೇ. ‘ಮಂಗಳೂರ ಸಮಾಚಾರ’ದಿಂದ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವನು ಅವನು. ಜಲಕೋಟೆಗಳ ನಾಡಿನವನಾದ ರಿಕ್ಟರ್ ಇಲ್ಲಿಯ ಮಣ್ಣಿನ ಏರಿಗಳನ್ನು ಗಂಭೀರವಾಗಿ ಕಂಡದ್ದು ನಮ್ಮ ಭಾಗ್ಯ.

ಇಂದು ಕಡಂಗ ನೋಡಲು ಟಿಕೆಟ್ ಬೇಕಿಲ್ಲ, ಫಲಕವೂ ಸಿಗುವುದಿಲ್ಲ. ಊರಿನ ಹಿರಿಯರನ್ನು ಕೇಳಿಕೊಂಡು, ತೋಟದ ಮಾಲೀಕರ ಅನುಮತಿ ಪಡೆದು ಹೋಗಬೇಕು. ಜಿಗಣೆಯ ಕಾಟ ಮುಗಿದ ಮೇಲೆ, ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಸಮಯ. ಸಿಲ್ವರ್ ಓಕ್ ಮರಗಳ ನಡುವೆ ಇದ್ದಕ್ಕಿದ್ದಂತೆ ನೆಲ ಕುಸಿದಂತೆ ಕಾಣುತ್ತದೆ, ಎದುರಿಗೆ ಜರಿಗಿಡ ಹಬ್ಬಿದ ಏರಿ ಏಳುತ್ತದೆ. ಬಾಣೆ, ತೋಟಗಳ ಗಡಿಯಾಗಿ ಇದನ್ನೇ ಇಟ್ಟುಕೊಂಡವರೂ ಇದ್ದಾರೆ. ಎಷ್ಟೋ ಕಡಂಗಗಳು ಉಳಿದದ್ದೇ ಹೀಗೆ ಗಡಿಯಾಗಿ ಕೆಲಸಕ್ಕೆ ಬಂದದ್ದರಿಂದ. ಕಾಡಂಚಿನ ಕಡಂಗಕ್ಕೆ ಒಬ್ಬರೇ ಹೋಗಬಾರದು. ಆನೆ ಯಾವ ಗಿಡದ ಮರೆಯಲ್ಲಿ ನಿಂತಿರುತ್ತದೋ ಹೇಳಲಾಗದು.

ಆನೆಯ ಮಾತು ಬಂದಾಗ ಬಾಳೆಲೆಯವರ ನೆನಪಿಗೆ ಬರುವುದು ಇನ್ನೊಂದು ಕಂದಕ. ನಾಗರಹೊಳೆಯ ಅಂಚಿನಲ್ಲಿ ಅರಣ್ಯ ಇಲಾಖೆ ಆನೆ ಕಂದಕ ತೋಡಿಸಿದೆ. ಮಳೆಗೆ ಅದರ ಬದಿ ಕುಸಿಯುತ್ತದೆ. ಆನೆಗಳು ಅಂಚಿನ ಮಣ್ಣನ್ನು ಕಾಲಿನಿಂದ ಒಳಗೆ ತಳ್ಳಿ ದಾರಿ ಮಾಡಿಕೊಂಡು ಗದ್ದೆಗಿಳಿಯುತ್ತವೆ. ಹಳೆಯ ರೈಲು ಕಂಬಿಗಳ ಬೇಲಿ ಬಂದದ್ದು ಅದಕ್ಕೇ. ಸಾವಿರ ವರ್ಷದ ಹಿಂದಿನ ಕಡಂಗ ಎಷ್ಟೋ ಕಡೆ ಇನ್ನೂ ನಿಂತಿದೆಯೆಂದರೆ ಅದನ್ನು ತೋಡಿದವರು ಇಳಿಜಾರು, ನೀರಿನ ಹರಿವು, ಮಣ್ಣಿನ ಗುಣ ಮೂರನ್ನೂ ಬಲ್ಲವರಾಗಿದ್ದರೆಂದೇ ಹೇಳಬೇಕು. ಎಂಜಿನಿಯರಿಂಗ್ ಓದುವ ಹುಡುಗರಿಗೆ ಇದು ಅಭ್ಯಾಸಕ್ಕೆ ತಕ್ಕ ವಿಷಯ.

ಕಡಂಗಕ್ಕೆ ಇಂದು ಎದುರಾಗಿರುವ ಅಪಾಯ ಜೆಸಿಬಿ. ತೋಟಕ್ಕೆ ರಸ್ತೆ ಬೇಕೆಂದಾಗ, ಮನೆಗೆ ತಳ ಸಮ ಮಾಡಬೇಕೆಂದಾಗ ಒಂದು ಬೆಳಗಿನ ಕೆಲಸಕ್ಕೆ ಏರಿ ಕಾಣೆಯಾಗುತ್ತದೆ. ಕಲ್ಲಿನ ಗೋಡೆ ಕೆಡವಲು ಹಿಂಜರಿಯುವವರೂ ಮಣ್ಣಿನ ದಿಬ್ಬವನ್ನು ಕೋಟೆಯೆಂದು ಎಣಿಸುವುದಿಲ್ಲ. ಉಳಿದಿರುವ ಕಡಂಗಗಳನ್ನು ಗ್ರಾಮ ಪಂಚಾಯಿತಿಗಳು ಊರಿನ ನಕ್ಷೆಯಲ್ಲಿ ಗುರುತಿಸಲಿ, ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ತೋಟದಲ್ಲಿ ಕಡಂಗ ಇರುವವರು ಯಂತ್ರ ಇಳಿಸುವ ಮುನ್ನ ಅದರ ಉದ್ದ, ಎತ್ತರ ಅಳೆದು, ಒಂದು ಫೋಟೊ ತೆಗೆದಿಡಲಿ; ಸಾಧ್ಯವಾದರೆ ರಸ್ತೆಯನ್ನು ಹತ್ತು ಅಡಿ ಆಚೆ ತಿರುಗಿಸಲಿ.